ಸಮುದ್ರ ಕಾಣುವ ಟೇಬಲ್ ಬಿಡಿ, ಗೋಡೆ ಪಕ್ಕದ್ದು ಹಿಡಿಯಿರಿ

ಪ್ರಶ್ನೆ: ನನ್ನದು ಡಿಸೈನ್ ಕೆಲಸ. ನಮ್ಮ ತಂಡ ಇರುವುದು ಲಂಡನ್ನಿನಲ್ಲಿ. ದಿನಕ್ಕೆ ಎರಡು ಮೂರು ವಿಡಿಯೊ ಮೀಟಿಂಗ್ ಇರುತ್ತವೆ. ನವೆಂಬರ್‌ನಿಂದ ನಾಲ್ಕು ತಿಂಗಳು ಯಾವುದಾದರೂ ದ್ವೀಪದಲ್ಲಿ ಕೂತು ಕೆಲಸ ಮಾಡುವುದಕ್ಕೆ ಕಂಪನಿ ಒಪ್ಪಿದೆ. ಬಾಲಿ, ಥಾಯ್ಲೆಂಡಿನ ದ್ವೀಪಗಳು, ಮಾರಿಷಸ್, ಈ ಮೂರು ಮನಸ್ಸಿನಲ್ಲಿವೆ. ಫೋಟೋದಲ್ಲಿ ಎಲ್ಲ ಕೋವರ್ಕಿಂಗ್ ಜಾಗಗಳೂ (ದುಡ್ಡು ಕೊಟ್ಟು ಕೂತು ಕೆಲಸ ಮಾಡುವ ಹಂಚಿಕೆಯ ಆಫೀಸುಗಳು) ಚೆನ್ನಾಗಿಯೇ ಕಾಣುತ್ತವೆ. ರೂಮಿನಲ್ಲಿ ಹೇಗೂ ವೈಫೈ ಇರುತ್ತದೆ, ಅದಕ್ಕೆ ಬೇರೆ ದುಡ್ಡು ಯಾಕೆ ಅಂತ ಸ್ನೇಹಿತರು ಕೇಳುತ್ತಾರೆ. ದ್ವೀಪ ಹೇಗೆ ಆರಿಸಲಿ? ಕೋವರ್ಕಿಂಗ್ ಬೇಕೇ ಬೇಕಾ? ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದವು ಎರಡು: ಲಂಡನ್ ತಂಡ, ದಿನಕ್ಕೆ ಎರಡು ಮೂರು ಮೀಟಿಂಗ್. ಇವೆರಡನ್ನು ಹಿಡಿದುಕೊಂಡು ದ್ವೀಪ ಹುಡುಕಿ. ಹೆಚ್ಚಿನವರು ಮೊದಲು ಬೀಚು ನೋಡುತ್ತಾರೆ, ಆಮೇಲೆ ರೂಮು, ಕೊನೆಗೆ ಇಂಟರ್‌ನೆಟ್ಟು. ಟೈಮ್ ಎಷ್ಟು ವ್ಯತ್ಯಾಸ ಅನ್ನುವುದು ಅಲ್ಲಿಗೆ ಇಳಿದ ಮೇಲೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ಹಾಗಾಗಿ ಮೊದಲು ಗಡಿಯಾರ ನೋಡೋಣ. ನೀವು ಇರುವ ತಿಂಗಳುಗಳಲ್ಲಿ ಲಂಡನ್ನಿನಲ್ಲಿ ಚಳಿಗಾಲದ ಸಮಯ. ಬಾಲಿ ಅದಕ್ಕಿಂತ 8 ಗಂಟೆ ಮುಂದೆ, ಥಾಯ್ಲೆಂಡ್ 7 ಗಂಟೆ, ಮಾರಿಷಸ್ 4 ಗಂಟೆ. ಲಂಡನ್ನಿನ ಬೆಳಿಗ್ಗೆ 9ರಿಂದ ಸಂಜೆ 5 ಅಂದರೆ ಬಾಲಿಯಲ್ಲಿ ಸಂಜೆ 5ರಿಂದ ರಾತ್ರಿ 1. ಥಾಯ್ಲೆಂಡಿನಲ್ಲಿ ಸಂಜೆ 4ರಿಂದ ನಡುರಾತ್ರಿ. ಮಾರಿಷಸ್‌ನಲ್ಲಿ ಮಧ್ಯಾಹ್ನ 1ರಿಂದ ರಾತ್ರಿ 9. ಬೆಳಗೆಲ್ಲ ಸಮುದ್ರ, ಸಂಜೆ ಮೇಲೆ ಕೆಲಸ, ಎಷ್ಟು ಚೆನ್ನ ಅನ್ನಿಸುತ್ತದೆ ಅಲ್ವಾ? ಮೊದಲ ವಾರ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ರಾತ್ರಿ ಒಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿದವರಿಗೆ ತಕ್ಷಣ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಏಳುವುದು ಹತ್ತಕ್ಕೆ. ಆ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿರುತ್ತದೆ, ಬೀಚಿಗೆ ಹೋಗುವ ಹೊತ್ತಲ್ಲ. ಸಂಜೆ ಸಿಗುತ್ತದೆ ಅಂದುಕೊಂಡರೆ, ಭೂಮಧ್ಯರೇಖೆಯ ಹತ್ತಿರದ ಊರುಗಳಲ್ಲಿ ವರ್ಷವಿಡೀ ಆರೂವರೆಯ ಆಸುಪಾಸಿಗೇ ಕತ್ತಲು. ಜೊತೆಗೆ, ಸ್ನೇಹಿತರಾಗುವವರೆಲ್ಲ ಊಟಕ್ಕೆ ಹೊರಡುವ ಹೊತ್ತಿಗೆ ನಿಮ್ಮ ಮೀಟಿಂಗ್ ಶುರು.

ಹಾಗಾಗಿ ಲಂಡನ್ ತಂಡ ಇರುವವರಿಗೆ ನನ್ನ ಮೊದಲ ಆಯ್ಕೆ ಮಾರಿಷಸ್. ಬೆಳಗಿನ ಹೊತ್ತು ಪೂರ್ತಿ ನಿಮ್ಮದು, ರಾತ್ರಿ ನಿದ್ದೆಯೂ ನಿಮ್ಮದು. ಆಸ್ಟ್ರೇಲಿಯ ಅಥವಾ ಸಿಂಗಪುರದ ತಂಡ ಆಗಿದ್ದರೆ ಕಣ್ಣುಮುಚ್ಚಿ ಬಾಲಿ ಅನ್ನುತ್ತಿದ್ದೆ. ನ್ಯೂಯಾರ್ಕ್ ತಂಡವಾದರೆ ಕೆರಿಬಿಯನ್ ಕಡೆಯ ಬಾರ್ಬಡೋಸ್: ಚಳಿಗಾಲದಲ್ಲಿ ಒಂದೇ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಅದೂ ಇಲ್ಲ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ಚಳಿಗಾಲದಲ್ಲಿ ಬಾಲಿಯ ರಾತ್ರಿ 10. ಅದನ್ನು ತಿಂಗಳುಗಟ್ಟಲೆ ಮಾಡುವವರಿದ್ದಾರೆ. ನನ್ನ ಪ್ರಕಾರ ಅದು ದ್ವೀಪವಾಸವಲ್ಲ, ಶಿಫ್ಟ್ ಡ್ಯೂಟಿ.

ಮಾರಿಷಸ್‌ಗೆ ಒಂದು ತೊಡಕಿದೆ. ನೀವು ಹೋಗುವ ತಿಂಗಳುಗಳು ಅಲ್ಲಿ ಚಂಡಮಾರುತದ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಅದು ಜೋರು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ರಸ್ತೆಗಳಲ್ಲಿ ಕಾರುಗಳು ನೀರಿನಲ್ಲಿ ತೇಲಿದವು. ಅಲ್ಲಿ ಎಚ್ಚರಿಕೆ ಕೊಡುವುದಕ್ಕೆ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಮೂರನೆಯದು ಬಂತೆಂದರೆ ಆಫೀಸು ಅಂಗಡಿ ಎಲ್ಲ ಮುಚ್ಚಿ ಜನ ಒಳಗೆ ಸೇರಬೇಕು. ಕೋವರ್ಕಿಂಗೂ ಬಾಗಿಲು ಹಾಕುತ್ತದೆ. ಅಂಥ ದಿನ ಬಂದರೂ ಬರಬಹುದು ಅಂತ ತಂಡಕ್ಕೆ ಮೊದಲೇ ಹೇಳಿಡಿ.

ಬಾಲಿಯಲ್ಲೂ ನವೆಂಬರ್‌ನಿಂದ ಮಾರ್ಚ್ ಮಳೆಗಾಲವೇ. ಥಾಯ್ಲೆಂಡಿನಲ್ಲಿ ಮಾತ್ರ ನಿಮಗೆ ಅದೃಷ್ಟ. ಪಶ್ಚಿಮದ ಅಂಡಮಾನ್ ಸಮುದ್ರದ ಕಡೆ, ಅಂದರೆ ಫುಕೆಟ್, ಕೋ ಲಾಂತಾ ಕಡೆ, ನವೆಂಬರ್ ನಂತರ ಮಳೆ ಬಿಟ್ಟಿರುತ್ತದೆ. ಪೂರ್ವದ ಕೊಲ್ಲಿಯಲ್ಲಿರುವ ಕೋ ಸಮುಯಿ, ಕೋ ಫಂಗಾನ್‌ನಲ್ಲಿ ಉಲ್ಟಾ, ಜಾಸ್ತಿ ಮಳೆ ಬೀಳುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದೇ ದೇಶ, ಎರಡು ಹವಾಮಾನ. ನಡುರಾತ್ರಿವರೆಗೆ ಕೆಲಸ ಮಾಡುವುದು ನಿಮಗೆ ಅಭ್ಯಾಸವಿದ್ದರೆ ಕೋ ಲಾಂತಾ ಒಳ್ಳೆಯ ಆಯ್ಕೆ. ಇಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ ಬರುವ ಚಂಡಮಾರುತವನ್ನು ಸಹಿಸಿಕೊಳ್ಳಬಹುದು, ದಿನಾ ಕೆಡುವ ನಿದ್ದೆಯನ್ನಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಇಂಟರ್‌ನೆಟ್. ದ್ವೀಪ ಅಂದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿಗೆ ಲೈನ್ ಎಲ್ಲಿಂದ ಬರುತ್ತದೆ? ಸಮುದ್ರದ ತಳದಲ್ಲಿ ಹಾಕಿದ ಕೇಬಲ್‌ನಿಂದಲೋ, ಉಪಗ್ರಹದಿಂದಲೋ? ಕೇಬಲ್ ಆದರೆ ಒಂದೋ, ಎರಡು ಮೂರೋ? 2022ರ ಜನವರಿಯಲ್ಲಿ ಟೋಂಗಾ ಹತ್ತಿರ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ, ಆ ದೇಶವನ್ನು ಹೊರಗಿನ ಲೋಕಕ್ಕೆ ಜೋಡಿಸಿದ್ದ ಒಂದೇ ಕೇಬಲ್ ತುಂಡಾಯಿತು. ಅದು ಸರಿಹೋಗಲು ಸುಮಾರು ಐದು ವಾರ ಹಿಡಿಯಿತು. ಅಂಡಮಾನ್ ನಿಕೋಬಾರ್ ದ್ವೀಪಗಳು 2020ರ ಆಗಸ್ಟ್‌ವರೆಗೆ ಉಪಗ್ರಹದ ಮೇಲೇ ನಿಂತಿದ್ದವು. ಆಮೇಲೆ ಚೆನ್ನೈನಿಂದ ಸುಮಾರು 2,300 ಕಿಲೋಮೀಟರ್ ಕೇಬಲ್ ಬಂತು. ನಿಮ್ಮ ಪಟ್ಟಿಯಲ್ಲಿರುವ ದ್ವೀಪಗಳಿಗೆ ಈ ಚಿಂತೆ ಕಡಿಮೆ. ಮಾರಿಷಸ್‌ಗೆ ಸೇಫ್, ಲಯನ್, ಮೆಟಿಸ್ ಹೀಗೆ ಒಂದಕ್ಕಿಂತ ಜಾಸ್ತಿ ಕೇಬಲ್‌ಗಳಿವೆ. ಆದರೆ ದೊಡ್ಡ ದ್ವೀಪದ ಪಕ್ಕದ ಸಣ್ಣ ದ್ವೀಪಕ್ಕೆ ಮನಸ್ಸು ಓಡಿತೋ, ಮತ್ತೆ ಇದೇ ಪ್ರಶ್ನೆ ಕೇಳಿ.

ಕೇಬಲ್ಲೇ ಯಾಕೆ ಅಷ್ಟು ಮುಖ್ಯ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಪ್ರತಿ 1,000 ಕಿಲೋಮೀಟರಿಗೆ ಹೋಗಿ ಬರಲು 10 ಮಿಲಿಸೆಕೆಂಡ್. ಅರ್ಧ ಭೂಮಿ ದಾಟಿದರೂ ಮಾತುಕತೆ ಕೆಡುವುದಿಲ್ಲ. ಹಳೆಯ ಬಗೆಯ ಉಪಗ್ರಹ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಮಾತು ಮೇಲೆ ಹೋಗಿ ಕೆಳಗಿಳಿದು, ಅವರ ಉತ್ತರ ಮತ್ತೆ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ಇಬ್ಬರೂ ಒಟ್ಟಿಗೇ ಮಾತು ಶುರು ಮಾಡುವುದು, ಇಬ್ಬರೂ ನಿಲ್ಲಿಸುವುದು, ‘ಸಾರಿ, ನೀವು ಹೇಳಿ’ ಅನ್ನುವುದು, ಎಲ್ಲ ಇದರಿಂದಲೇ. ದೂರಸಂಪರ್ಕದವರ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ, ಒಂದು ಕಡೆಗೆ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸರಾಗ. ಸ್ಟಾರ್‌ಲಿಂಕ್‌ನಂಥ ಹೊಸ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುವುದರಿಂದ ಅವುಗಳಲ್ಲಿ ಈ ತೊಂದರೆ ಇಲ್ಲ. ಕೇಬಲ್‌ಗೆ ಜೊತೆಯಾಗಿ ಅದನ್ನೂ ಇಟ್ಟುಕೊಂಡಿರುವ ಕೋವರ್ಕಿಂಗ್ ಸಿಕ್ಕಿದರೆ ಬಿಡಬೇಡಿ.

ಈಗ ನಿಮ್ಮ ಸ್ನೇಹಿತರ ಮಾತು. ರೂಮಿನ ವೈಫೈ ಸಾಲದಾ? ಇಮೇಲಿಗೆ, ಬ್ರೌಸಿಂಗಿಗೆ, ರಾತ್ರಿ ಸಿನಿಮಾಕ್ಕೆ ಸಾಕು. ಅವೆಲ್ಲ ಡೌನ್‌ಲೋಡ್. ನೀವು ಮೀಟಿಂಗ್‌ನಲ್ಲಿ ಮುಖ ತೋರಿಸುವುದು, ಸ್ಕ್ರೀನ್ ತೋರಿಸುವುದು, ಡಿಸೈನ್ ಫೈಲ್ ಕಳಿಸುವುದು ಎಲ್ಲ ಅಪ್‌ಲೋಡ್. ಹೋಟೆಲಿನವರು ಜಂಬದಿಂದ ಹೇಳುವ ಸ್ಪೀಡು ಡೌನ್‌ಲೋಡಿನದು. 100 ಮೆಗಾಬಿಟ್ ಅಂದರೆ ಅಪ್‌ಲೋಡ್ 20 ಇರಬಹುದು, 10 ಇರಬಹುದು. ಒಂದು ವಿಡಿಯೊ ಕಾಲ್‌ಗೆ 2ರಿಂದ 4 ಮೆಗಾಬಿಟ್ ಬೇಕು. 20 ಇದ್ದರೆ ಐದಾರು ಜನಕ್ಕೆ ಸರಿಹೋಯಿತು. ಏಳನೆಯವರು ಕ್ಯಾಮೆರಾ ಹಾಕಿದ ಕೂಡಲೇ ಎಲ್ಲರ ಮುಖವೂ ಚೌಕ ಚೌಕ. ಓಣಿಗೆಲ್ಲ ಒಂದೇ ನಲ್ಲಿ ಇದ್ದಂತೆ, ಕೊಡ ಎಷ್ಟು ದೊಡ್ಡದು ತಂದರೂ ಬರುವ ನೀರು ಅಷ್ಟೇ.

ಡಿಸೈನ್ ಕೆಲಸದವರಿಗೆ ಇನ್ನೊಂದು ಕಾಟವಿದೆ. 2 ಜಿಬಿ ಫೈಲ್ ಒಂದನ್ನು ಸೇವ್ ಮಾಡಿದಿರಿ ಅನ್ನಿ. 10 ಮೆಗಾಬಿಟ್ ಅಪ್‌ಲೋಡ್‌ನಲ್ಲಿ ಅದು ಕ್ಲೌಡ್ ಸೇರಲು ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಲೈನ್ ಪೂರ್ತಿ ಅದರದ್ದೇ. ನಡುವೆ ಮೀಟಿಂಗ್ ಬಂದರೆ ನಿಮ್ಮ ದನಿ ಕಡಿದು ಕಡಿದು ಹೋಗುತ್ತದೆ. ನೀವು ವೈಫೈಗೆ ಬಯ್ಯುತ್ತೀರಿ. ತಪ್ಪು ವೈಫೈದಲ್ಲ, ಹಿಂದೆ ಸದ್ದಿಲ್ಲದೆ ಫೈಲನ್ನು ಕ್ಲೌಡ್‌ಗೆ ಕಳಿಸುತ್ತಿರುವ ಸಿಂಕ್‌ನದು. ಮೀಟಿಂಗ್‌ಗೆ ಮುಂಚೆ ಅದನ್ನು ನಿಲ್ಲಿಸಿಡುವುದು ರೂಢಿಯಾಗಲಿ.

ಒಳ್ಳೆಯ ಕೋವರ್ಕಿಂಗ್ ನಿಮಗೆ ಮಾರುವುದು ಟೇಬಲ್ಲನ್ನಲ್ಲ. ಎರಡು ಬೇರೆ ಬೇರೆ ಕಂಪನಿಗಳ ಲೈನು, ಕರೆಂಟು ಹೋದರೆ ತಾನಾಗಿ ಶುರುವಾಗುವ ಜನರೇಟರು, ಬಾಗಿಲು ಹಾಕಿಕೊಂಡು ಮಾತಾಡುವ ಒಂದು ಕೋಣೆ, ಬೆನ್ನು ನೋಯದ ಕುರ್ಚಿ. ಈ ನಾಲ್ಕು ಇದ್ದರೆ ದುಡ್ಡು ಕೊಡಿ. ಇಲ್ಲದಿದ್ದರೆ ಅದು ಕಾಫಿ ಕೊಡುವ ಇನ್ನೊಂದು ಹೋಟೆಲ್, ಅಷ್ಟೇ. ಬಿದಿರಿನ ಮಾಡು, ಸುತ್ತ ಹಸಿರು, ಎದುರು ಈಜುಕೊಳ, ಅಪ್‌ಲೋಡ್ ಮಾತ್ರ 3 ಮೆಗಾಬಿಟ್: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಗೋಡೆಯೇ ಇಲ್ಲದ ತೆರೆದ ಜಾಗಗಳಲ್ಲಿ ಡೆಂಗೆ ಹರಡುವ ಸೊಳ್ಳೆಯೂ ಸದಸ್ಯನೇ. ಅದು ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಮಾರಿಷಸ್ ಲೆಕ್ಕದಲ್ಲಿ ಸಂಜೆಗೆ ಮುಂಚಿನ ಆ ಹೊತ್ತು ನಿಮ್ಮ ಮೀಟಿಂಗ್ ಹೊತ್ತೂ ಹೌದು. ಟೇಬಲ್ ಕೆಳಗೆ ಕಾಲಿಗೆ ಹಚ್ಚಿಕೊಳ್ಳುವ ಕ್ರೀಮ್ ಬ್ಯಾಗಿನಲ್ಲಿರಲಿ.

ಕರೆಂಟಿನ ಮಾತು ಸುಮ್ನೆ ಹೇಳಿದ್ದಲ್ಲ. ದ್ವೀಪಕ್ಕೆ ಕರೆಂಟೂ ಎಷ್ಟೋ ಕಡೆ ಸಮುದ್ರದಡಿಯ ಕೇಬಲ್‌ನಲ್ಲೇ ಬರುತ್ತದೆ. 2025ರ ಮೇ 2ರಂದು ಬಾಲಿಯಲ್ಲಿ ದ್ವೀಪವಿಡೀ ಕರೆಂಟ್ ಹೋಯಿತು. ಹೋಗಿದ್ದು ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಪೂರ್ತಿ ಬಂದದ್ದು ಮರುದಿನ ಬೆಳಗಿನ ಜಾವ. ಆ ತಿಂಗಳಲ್ಲಿ ಬಾಲಿಯ ನಾಲ್ಕು ಗಂಟೆ ಅಂದರೆ ಲಂಡನ್ನಿನ ಬೆಳಿಗ್ಗೆ ಒಂಬತ್ತು. ನಿಮ್ಮಂಥವರ ಇಡೀ ದಿನದ ಕೆಲಸ ಆ ಕತ್ತಲೆಗೆ ಬಿತ್ತು.

ಆದ್ದರಿಂದ ಕೋವರ್ಕಿಂಗ್‌ಗೆ ಬರೆಯುವಾಗ ‘ಜನರೇಟರ್ ಇದೆಯಾ’ ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. ‘ಜನರೇಟರ್ ಶುರುವಾಗುವ ತನಕ ರೂಟರ್‌ಗೆ ಯುಪಿಎಸ್ ಇದೆಯಾ’ ಅಂತ ಕೇಳಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಜನರೇಟರ್ ಅರ್ಧ ನಿಮಿಷದಲ್ಲಿ ಬರುತ್ತದೆ. ಆದರೆ ರೂಟರ್ ಒಮ್ಮೆ ಆಫ್ ಆದರೆ ಮತ್ತೆ ಎದ್ದು ಲೈನ್ ಹಿಡಿಯಲು ಎರಡು ಮೂರು ನಿಮಿಷ ಬೇಕು. ಕ್ಲೈಂಟ್ ಎದುರಿನ ಮೀಟಿಂಗ್‌ನಲ್ಲಿ ಮೂರು ನಿಮಿಷ ಬಹಳ ದೊಡ್ಡದು. ಇದಕ್ಕೆ ಅವರು ಕೊಡುವ ಉತ್ತರದಲ್ಲೇ ಜಾಗ ಎಂಥದ್ದು ಅಂತ ಗೊತ್ತಾಗುತ್ತದೆ. ಗೊತ್ತಿರುವವರು ಒಂದೇ ಸಾಲಿನಲ್ಲಿ ಹೇಳುತ್ತಾರೆ, ಗೊತ್ತಿಲ್ಲದವರು ಈಜುಕೊಳದ ಫೋಟೋ ಕಳಿಸುತ್ತಾರೆ.

ಮೊದಲ ದಿನವೇ ತಿಂಗಳ ಮೆಂಬರ್‌ಶಿಪ್ ತಗೊಳ್ಳಬೇಡಿ. ದಿನದ ಪಾಸ್ ತಗೊಂಡು, ನಿಮ್ಮ ಮೀಟಿಂಗ್ ಇರುವ ಹೊತ್ತಿಗೇ ಹೋಗಿ ಕೂರಿ. ಬೆಳಿಗ್ಗೆ ಎಂಟಕ್ಕೆ ಖಾಲಿ ಹಾಲ್‌ನಲ್ಲಿ ಮಾಡಿದ ಸ್ಪೀಡ್ ಟೆಸ್ಟ್‌ಗೆ ಅರ್ಥವಿಲ್ಲ. ಜನ ತುಂಬಿದ ಮೇಲೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಯಾವುದಾದರೂ ದೊಡ್ಡ ಸೈಟಿಗೆ ಪಿಂಗ್ ಹಾಕಿ ಬಿಡಿ (ಅಲ್ಲಿಗೆ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ತೋರಿಸುವ ಕಮಾಂಡ್ ಅದು), ಪಕ್ಕದಲ್ಲಿ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್‌ಗೆ ಹಚ್ಚಿ. ಸಾಲು ಸಾಲಾಗಿ ನಂಬರ್ ಬರುತ್ತವೆ: 48, 51, 47, 50. ಅಪ್‌ಲೋಡ್ ಶುರುವಾದ ಮೇಲೂ ಅದೇ 60, 70ರ ಒಳಗೆ ನಿಂತರೆ ಒಳ್ಳೆಯ ಲೈನು, ಒಳ್ಳೆಯ ರೂಟರು. 48 ಇದ್ದದ್ದು ಒಮ್ಮೆಲೇ 400, 900, ಮತ್ತೆ 120, ನಡುವೆ ಒಂದೆರಡು ಉತ್ತರವೇ ಇಲ್ಲ ಅಂದರೆ ಆ ಜಾಗ ನಿಮಗಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ ಎಷ್ಟೇ ದೊಡ್ಡ ಅಂಕಿ ಬಂದಿರಲಿ. ವಿಡಿಯೊ ಕಾಲ್ ಹೆಚ್ಚಾಗಿ ಕೆಡುವುದು ನಿಧಾನದಿಂದಲ್ಲ, ಹೀಗೆ ಏರಿಳಿಯುವುದರಿಂದ.

ಇದನ್ನೇ ಮೀಟಿಂಗ್ ಬೂತ್‌ನ ಒಳಗೂ ಮಾಡಿ, ಬಾಗಿಲು ಹಾಕಿಕೊಂಡು. ಸದ್ದು ಹೊರಗೆ ಹೋಗದಿರಲಿ ಅಂತ ದಪ್ಪ ಗೋಡೆ, ದಪ್ಪ ಗಾಜು ಹಾಕಿರುತ್ತಾರೆ. ವೈಫೈ ಕೂಡ ಅಲ್ಲೇ ಸೊರಗುತ್ತದೆ. ಹತ್ತು ನಿಮಿಷ ಒಳಗೇ ಕೂತು ನೋಡಿ. ಎಷ್ಟೋ ಬೂತ್‌ಗಳಲ್ಲಿ ಗಾಳಿ ಬರಲು ಅಂಗೈಯಗಲದ ಒಂದು ಫ್ಯಾನ್ ಇರುತ್ತದೆ, ಅದೂ ಹಾಲ್‌ನ ಗಾಳಿಯನ್ನೇ ಎಳೆಯುತ್ತದೆ. ಕಾಲು ಗಂಟೆಗೆ ಕನ್ನಡಕ ಮಂಜಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ಕ್ಯಾಮೆರಾದಲ್ಲಿ ನೀವು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕಾಣುತ್ತೀರಿ. ಬೂತ್‌ಗೆ ಬುಕಿಂಗ್ ಹೇಗೆ, ದಿನಕ್ಕೆ ಎಷ್ಟು ಗಂಟೆ ಸಿಗುತ್ತದೆ ಅಂತಲೂ ಕೇಳಿ. ಎರಡು ಬೂತ್, ಐವತ್ತು ಸದಸ್ಯರು ಅಂದರೆ ಲೆಕ್ಕ ನೀವೇ ಹಾಕಿ. ಬಾಲಿ ಅಥವಾ ಥಾಯ್ಲೆಂಡ್ ಆರಿಸಿದರೆ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ರಾತ್ರಿ ಏಸಿ ಇರುತ್ತದೆಯಾ ಅನ್ನುವುದೂ ಮುಖ್ಯ. 24 ಗಂಟೆ ತೆರೆದಿದೆ ಅನ್ನುವ ಕೆಲವು ಕಡೆ ರಾತ್ರಿ ಇರುವುದು ದೀಪ ಮಾತ್ರ.

ಟೇಬಲ್ ಆರಿಸುವಾಗ ಸಮುದ್ರಕ್ಕೆ ಮುಖ ಮಾಡಿದ್ದು ಬೇಡ. ಹೊಳೆಯುವ ನೀರಿನ ಎದುರು ಸ್ಕ್ರೀನ್‌ನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಡಿಸೈನ್ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿದರೂ ಕಷ್ಟ, ಸ್ಕ್ರೀನ್ ಮೇಲೆ ಕಿಟಕಿ ಕಾಣುತ್ತದೆ, ಕ್ಯಾಮೆರಾದಲ್ಲಿ ನೀವು ಕಪ್ಪು ನೆರಳು. ಗೋಡೆ ಪಕ್ಕದ, ಲ್ಯಾನ್ ಪಾಯಿಂಟ್ (ಇಂಟರ್‌ನೆಟ್ ತಂತಿ ಸಿಕ್ಕಿಸುವ ಸಾಕೆಟ್) ಹತ್ತಿರದ ಟೇಬಲ್ ಹಿಡಿಯಿರಿ. ಲ್ಯಾಪ್‌ಟಾಪ್‌ಗೆ ಹಾಕುವ ಲ್ಯಾನ್ ಅಡಾಪ್ಟರ್ ಒಂದು ತಗೊಂಡು ಹೋಗಿ. ಐವತ್ತು ಜನ ವೈಫೈಗೆ ಕಿತ್ತಾಡುವಾಗ ತಂತಿ ಸಿಕ್ಕಿಸಿ ಕೂತವರು ನಿಶ್ಚಿಂತೆಯಿಂದಿರುತ್ತಾರೆ. ಸ್ಕ್ರೀನ್ ಎತ್ತರಿಸುವ ಮಡಚುವ ಸ್ಟ್ಯಾಂಡ್, ಬೇರೆ ಕೀಬೋರ್ಡ್ ಕೂಡ ಇರಲಿ. ನಾಲ್ಕು ತಿಂಗಳು ಕತ್ತು ಬಗ್ಗಿಸಿ ಕೂರುವುದಕ್ಕಾಗುವುದಿಲ್ಲ.

ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಏಸಿ ಹಾಲ್‌ನಲ್ಲಿ ತಣ್ಣಗಾದ ಯಂತ್ರವನ್ನು ಹೊರಗಿನ ಒದ್ದೆ ಗಾಳಿಗೆ ತಂದ ತಕ್ಷಣ ತೆರೆಯಬೇಡಿ. ತಣ್ಣನೆಯ ಲೋಹದ ಮೇಲೆ ನೀರಿನ ಹನಿ ಕೂರುತ್ತದೆ, ಒಳಗೂ ಕೂರಬಹುದು. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡಿ. ಉಪ್ಪು ಗಾಳಿಗೆ ಚಾರ್ಜಿಂಗ್ ಪೋರ್ಟ್ ತುಕ್ಕು ಹಿಡಿಯುತ್ತದೆ, ಹಾಗಾಗಿ ಬೀಚಿಗೆ ಒಯ್ಯುವ ಆಸೆ ಬೇಡ. ಇನ್ನೊಂದು ಚಾರ್ಜರ್ ಜೊತೆಗಿರಲಿ. ಸಣ್ಣ ದ್ವೀಪದಲ್ಲಿ ನಿಮ್ಮ ಮಾಡೆಲ್‌ನ ಚಾರ್ಜರ್ ಸಿಗುವುದು ದೈವಕೃಪೆ.

ವೀಸಾ ವಿಚಾರಕ್ಕೆ ಬರೋಣ. ‘ಟೂರಿಸ್ಟ್ ವೀಸಾದಲ್ಲಿ ಎಲ್ಲರೂ ಮಾಡ್ತಾರೆ’ ಅನ್ನುವ ಮಾತನ್ನು ನಂಬಿ ಹೋಗಬೇಡಿ. ಈಗ ಇದಕ್ಕಂತಲೇ ಬೇರೆ ವೀಸಾಗಳಿವೆ. ಮಾರಿಷಸ್ 2020ರಲ್ಲಿ ಪ್ರೀಮಿಯಂ ವೀಸಾ ತಂದಿತು: ಒಂದು ವರ್ಷದ್ದು, ತಿಂಗಳಿಗೆ 1,500 ಡಾಲರ್ ಆದಾಯ ತೋರಿಸಬೇಕು, ಆ ಆದಾಯ ದೇಶದ ಹೊರಗಿನಿಂದ ಬರಬೇಕು. ಥಾಯ್ಲೆಂಡ್ 2024ರಲ್ಲಿ ಡಿಟಿವಿ ಅನ್ನುವ ವೀಸಾ ಶುರು ಮಾಡಿತು: ಐದು ವರ್ಷದ್ದು, ಒಮ್ಮೆ ಹೋದರೆ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಇಂಡೋನೇಷ್ಯಾದ ಇ33ಜಿ ವೀಸಾಕ್ಕೆ ವರ್ಷಕ್ಕೆ 60,000 ಡಾಲರ್ ಆದಾಯ ಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ಸೈಟ್ ನೋಡಿ, ಏಜೆಂಟರ ಮಾತು ಆಮೇಲೆ ಕೇಳಿ.

ತೆರಿಗೆಗೆ ನಾಲ್ಕು ತಿಂಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಬಹಳಷ್ಟು ದೇಶಗಳು ವರ್ಷದಲ್ಲಿ ಆರು ತಿಂಗಳ ಆಸುಪಾಸು ಉಳಿದವರನ್ನು ತಮ್ಮ ತೆರಿಗೆ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಆದರೆ ಅದು ನಿಮ್ಮ ಲೆಕ್ಕ. ಕಂಪನಿಗೆ ಬೇರೆ ಲೆಕ್ಕವಿದೆ: ನೌಕರ ಬೇರೆ ದೇಶದಲ್ಲಿ ಕೂತು ಕೆಲಸ ಮಾಡಿದರೆ ತಮ್ಮ ಮೇಲೆ ಅಲ್ಲಿನ ತೆರಿಗೆ ಬೀಳುತ್ತದೆಯೇ ಅಂತ ನೋಡುತ್ತಾರೆ. ಹಾಗಾಗಿ ‘ಕಂಪನಿ ಒಪ್ಪಿದೆ’ ಅನ್ನುವುದು ನಿಮ್ಮ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದಾದರೆ ಸಾಲದು. ಯಾವ ದೇಶ, ಎಂದಿನಿಂದ ಎಂದಿನವರೆಗೆ ಅಂತ ಎಚ್‌ಆರ್‌ನಿಂದ ಬರಹದಲ್ಲಿ ತಗೊಳ್ಳಿ. ಐಟಿಯವರಿಗೂ ತಿಳಿಸಿ. ಎಷ್ಟೋ ಕಂಪನಿಗಳಲ್ಲಿ ಹೊಸ ದೇಶದಿಂದ ಲಾಗಿನ್ ಆದ ಕೂಡಲೇ ಖಾತೆ ತಾನಾಗಿ ಲಾಕ್ ಆಗುತ್ತದೆ. ಅದನ್ನು ಬಿಡಿಸಬೇಕಾದವರು ಆ ಹೊತ್ತಿಗೆ ಲಂಡನ್ನಿನಲ್ಲಿ ಮಲಗಿರುತ್ತಾರೆ.

ಬಾಡಿಗೆ ಸ್ಕೂಟರ್ ಓಡಿಸುವುದಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ಹೆಚ್ಚಿನ ಪ್ರಯಾಣ ವಿಮೆಗಳು ಆಸ್ಪತ್ರೆ ಖರ್ಚು ಕೊಡುವುದಿಲ್ಲ. ಕೋವರ್ಕಿಂಗ್‌ಗೆ ನಡೆದು ಹೋಗುವಷ್ಟು ಹತ್ತಿರ ರೂಮು ಹಿಡಿದರೆ ಇದರ ಗೊಡವೆಯೇ ಇಲ್ಲ.

ಕೊನೆಯದಾಗಿ, ಜನ ಮರೆಯುವ ಒಂದು ವಿಷಯ: ಓಟಿಪಿ. ಅಲ್ಲಿ ಇಳಿದ ಕೂಡಲೇ ಲೋಕಲ್ ಸಿಮ್ ಹಾಕಿಕೊಳ್ಳಬೇಕು, ಕೋವರ್ಕಿಂಗ್ ಲೈನ್ ಕೈಕೊಟ್ಟರೆ ಹಾಟ್‌ಸ್ಪಾಟ್‌ಗೆ ಅದೇ ಗತಿ. ಆದರೆ ಅದಕ್ಕಾಗಿ ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟರೆ ಬ್ಯಾಂಕಿನ ಮೆಸೇಜ್ ಬರುವುದಿಲ್ಲ, ಅಲ್ಲಿಂದ ದುಡ್ಡು ಕಳಿಸುವುದಕ್ಕೂ ಆಗುವುದಿಲ್ಲ. ಎರಡೂ ಒಟ್ಟಿಗೆ ನಡೆಯುವಂತೆ ಒಂದನ್ನು ಇ-ಸಿಮ್ ಮಾಡಿಕೊಳ್ಳಿ. ಊರಿನ ನಂಬರಿಗೆ ರೋಮಿಂಗ್‌ನಲ್ಲಿ ಮೆಸೇಜ್ ಬರುವ ಪ್ಯಾಕ್ ಹಾಕಿಸಿ, ಡೇಟಾ ಆಫ್ ಮಾಡಿಡಿ. ಆಫೀಸಿನ ಲಾಗಿನ್‌ಗಳನ್ನು ಮೆಸೇಜ್‌ನಿಂದ ಸಿಮ್ ಇಲ್ಲದೆಯೂ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್‌ಗೆ ಬದಲಾಯಿಸಿಕೊಳ್ಳಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಫೋನ್ ಇಲ್ಲದ ಬ್ಯಾಗಿನಲ್ಲಿಡಿ. ಊರಿನ ಸಿಮ್‌ನ ರೀಚಾರ್ಜ್ ಫೆಬ್ರವರಿ ಕೊನೆಯವರೆಗೆ ಇದೆಯಾ ಅಂತ ಹೊರಡುವ ಮುಂಚೆಯೇ ನೋಡಿಬಿಡಿ.